ಅಪ್ಪನ ಪ್ಯಾಂಕ್ರಿಯಾಸ್‌ನಲ್ಲಿ 14 ಮಿಮೀ ಸಿಸ್ಟ್ ಇದೆಯಂತೆ, ಎಷ್ಟು ವರ್ಷ ಸ್ಕ್ಯಾನ್ ಮಾಡಿಸುತ್ತಾ ಇರಬೇಕು?

ಗುಬ್ಬಿಯ ಹೈದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮ ಅಪ್ಪನಿಗೆ 63. ಗುಬ್ಬಿ ಹತ್ತಿರ ಅಡಿಕೆ ತೋಟ, ಜೊತೆಗೆ ಸ್ವಲ್ಪ ತೆಂಗು. ಈಗಲೂ ಕರೆಂಟ್ ಬಂದಾಗ ಮೋಟರ್ ಹಾಕಲು ಅವರೇ ಹೋಗುತ್ತಾರೆ, ನಮ್ಮನ್ನು ನಂಬುವುದಿಲ್ಲ. ಈ ಬೇಸಿಗೆಯಲ್ಲಿ ಸೊಂಟದ ಪಕ್ಕ ಜೋರು ನೋವು ಬಂತು. ತುಮಕೂರಿನಲ್ಲಿ ತೋರಿಸಿದಾಗ ಕಿಡ್ನಿ ಸ್ಟೋನ್ ಇರಬಹುದು ಅಂತ ಸಿಟಿ ಸ್ಕ್ಯಾನ್ ಮಾಡಿಸಿದರು. ಕಲ್ಲು ಸಣ್ಣದು, ಮಾತ್ರೆ ತಗೊಂಡು ನೀರು ಕುಡಿದು ಬಿದ್ದೂ ಹೋಯಿತು. ಆದರೆ ರಿಪೋರ್ಟಿನ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿ) ತಲೆ ಭಾಗದಲ್ಲಿ 11 ಮಿಮೀ ಸಿಸ್ಟ್, ಅಂದರೆ ನೀರಿನ ಚೀಲ, ಇದೆ, ಎಂಆರ್‌ಐ ಮಾಡಿಸಿ ನೋಡಿ ಅಂತ.

ಮೂರು ವಾರ ಬಿಟ್ಟು ಎಂಆರ್‌ಐ, ನಾಳಗಳನ್ನು ತೋರಿಸುವ ಎಂಆರ್‌ಸಿಪಿ ಎರಡೂ ಆಯಿತು. ಅದರಲ್ಲಿ 14 ಮಿಮೀ ಅಂತ ಬರೆದಿದ್ದಾರೆ. ಸೈಡ್ ಬ್ರಾಂಚ್ ಐಪಿಎಂಎನ್ (ಪಕ್ಕದ ಕವಲು ನಾಳದಲ್ಲಿ ಬರುವ ಲೋಳೆ ತುಂಬಿದ ಸಿಸ್ಟ್) ಇರಬಹುದು, ಪ್ಯಾಂಕ್ರಿಯಾಸ್‌ನ ಮುಖ್ಯ ನಾಳ ಹಿಗ್ಗಿಲ್ಲ, ಒಳಗೆ ಗಡ್ಡೆ ಏನೂ ಕಾಣುತ್ತಿಲ್ಲ ಅಂತಲೂ ಇದೆ. ಮೂರು ವಾರದಲ್ಲಿ 11 ಇದ್ದದ್ದು 14 ಆಯಿತಾ ಅನ್ನೋದೇ ನನ್ನ ಮೊದಲ ಭಯ.

ಎರಡನೇದು, ಡಾಕ್ಟರುಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತುಮಕೂರಿನವರು ಆರು ತಿಂಗಳು ಬಿಟ್ಟು ಮತ್ತೆ ಎಂಆರ್‌ಐ ಮಾಡಿಸಿ ಅಂದರು. ಬೆಂಗಳೂರಿನಲ್ಲಿ ತೋರಿಸಿದವರು ವರ್ಷಕ್ಕೊಮ್ಮೆ ಸಾಕು ಅಂದರು. ನಮ್ಮ ಪರಿಚಯದ ಇನ್ನೊಬ್ಬ ಡಾಕ್ಟರ್ ಫಿಲ್ಮ್ ಅನ್ನು ಬೆಳಕಿಗೆ ಹಿಡಿದು ನೋಡಿ, ವಯಸ್ಸಾದವರಿಗೆ ಇದು ಇದ್ದೇ ಇರುತ್ತೆ, ಸುಮ್ನೆ ಬಿಟ್ಟುಬಿಡಿ ಅಂದರು. ಯಾರ ಮಾತು ಕೇಳಬೇಕು?

ಮೂರನೇದು, ಇದು ಮುಂದೆ ಕ್ಯಾನ್ಸರ್ ಆಗಬಹುದು ಅನ್ನೋದಾದರೆ ಈಗಲೇ ಆಪರೇಷನ್ ಮಾಡಿ ತೆಗೆಸಿಬಿಟ್ಟರೆ ಆಗಲ್ವಾ? ಅಮ್ಮ ರಾತ್ರಿ ನಿದ್ದೆ ಮಾಡುತ್ತಿಲ್ಲ. ಚಿಕ್ಕಪ್ಪ ಆಗಲೇ ಯಾರದೋ ವಿಳಾಸ ಹಿಡಿದುಕೊಂಡು ನಾಟಿ ಔಷಧಿ ತರಲು ಹೊರಟಿದ್ದಾರೆ. ಅಪ್ಪ ಮಾತ್ರ "ನನಗೇನೂ ಆಗಿಲ್ಲ, ಬೀಡಿ ಕೊಡು" ಅಂತ ಕೂತಿದ್ದಾರೆ.

ಗೊತ್ತಿರುವವರು ಹೇಳಿ. ಮನೆಯಲ್ಲಿ ಇಂಥದ್ದು ಆಗಿರುವವರೂ ಹೇಳಿ.

---

ಅಂತರಗಂಗೆ

ಬ್ರದರ್, ನಾನು ಕೋಲಾರದಲ್ಲಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಹಾಗಾಗಿ ಆಪರೇಷನ್ ಬೇಕಾ ಬೇಡವಾ ಅನ್ನೋದಕ್ಕೆ ನಾನು ಬಾಯಿ ಹಾಕುವುದಿಲ್ಲ. ಆದರೆ ನಿಮ್ಮ ಮೊದಲ ಪ್ರಶ್ನೆ ನಮ್ಮ ರೂಮಿನ ಪ್ರಶ್ನೆ, ಅದಕ್ಕೆ ಉತ್ತರ ಕೊಡಬಲ್ಲೆ.

11 ರಿಂದ 14 ಆಗಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕಲ್ಲು ಹುಡುಕಲು ಮಾಡುವ ಸಿಟಿಯಲ್ಲಿ ಸಾಮಾನ್ಯವಾಗಿ ಕಾಂಟ್ರಾಸ್ಟ್ (ಅಂಗಗಳು ಎದ್ದು ಕಾಣಲು ಕೊಡುವ ಇಂಜೆಕ್ಷನ್) ಕೊಡುವುದಿಲ್ಲ. ಕಲ್ಲು ಬೆಳ್ಳಗೆ ಕಂಡರೆ ಅವರ ಕೆಲಸ ಮುಗಿಯಿತು. ಆ ಚಿತ್ರದಲ್ಲಿ ಪ್ಯಾಂಕ್ರಿಯಾಸ್ ಬೂದು ಬಣ್ಣ, ಸಿಸ್ಟ್ ಇನ್ನೊಂದು ಬೂದು ಬಣ್ಣ, ಅಂಚು ಎಲ್ಲಿ ಶುರು ಎಲ್ಲಿ ಮುಗಿಯುತ್ತೆ ಅಂತ ಸರಿಯಾಗಿ ಗೊತ್ತಾಗುವುದೇ ಇಲ್ಲ. ಎಂಆರ್‌ಐನಲ್ಲಿ, ಅದರಲ್ಲೂ ಎಂಆರ್‌ಸಿಪಿಯಲ್ಲಿ, ನೀರಿನ ಅಂಶ ಇರುವುದೆಲ್ಲ ಬೆಳ್ಳಗೆ ಹೊಳೆಯುತ್ತದೆ. ಸಿಸ್ಟ್ ಎಷ್ಟಿದೆ, ನಾಳಕ್ಕೆ ಸೇರಿಕೊಂಡಿದೆಯಾ ಇಲ್ಲವಾ, ಎಲ್ಲ ಅಲ್ಲಿ ಸ್ಪಷ್ಟ. ಹಾಗಾಗಿ ಸಿಟಿಯ 11 ಅನ್ನು ಮರೆತುಬಿಡಿ. 14 ಅನ್ನೋದೇ ನಿಮ್ಮ ಶುರುವಿನ ಅಳತೆ ಅಂತ ಇಟ್ಟುಕೊಳ್ಳಿ.

ಎಂಆರ್‌ಐಗೂ ಎಂಆರ್‌ಐಗೂ ನಡುವೆಯೂ ಒಂದೆರಡು ಮಿಮೀ ಹೆಚ್ಚುಕಮ್ಮಿ ಬರುತ್ತದೆ. ಸಿಸ್ಟ್ ಗೋಲಿ ಥರ ದುಂಡಗೆ ಇರುವುದಿಲ್ಲ. ಒಬ್ಬ ರೇಡಿಯಾಲಜಿಸ್ಟ್ ಉದ್ದಕ್ಕೆ ಅಳೆಯುತ್ತಾರೆ, ಇನ್ನೊಬ್ಬರು ಅಡ್ಡಕ್ಕೆ. ಒಬ್ಬರು ಗೋಡೆ ಸೇರಿಸಿ, ಇನ್ನೊಬ್ಬರು ಬಿಟ್ಟು. ಅದಕ್ಕೇ ಹಳೇ ಚಿತ್ರವನ್ನು ಪಕ್ಕದಲ್ಲಿ ಇಟ್ಟುಕೊಂಡು ಅದೇ ಜಾಗ, ಅದೇ ದಿಕ್ಕಿನಲ್ಲಿ ಅಳೆದರೆ ಮಾತ್ರ ಬೆಳೆದಿದೆಯಾ ಇಲ್ಲವಾ ಅಂತ ಹೇಳಬಹುದು. ನಮ್ಮಲ್ಲಿಗೆ ಬರುವ ಜನ ಹಳೇ ರಿಪೋರ್ಟಿನ ಹಾಳೆ ತರುತ್ತಾರೆ, ಫಿಲ್ಮ್ ತರುತ್ತಾರೆ, ಕೆಲವರು ಫಿಲ್ಮಿನ ಫೋಟೋ ವಾಟ್ಸಾಪಿನಲ್ಲಿ ತೋರಿಸುತ್ತಾರೆ. ಅದರಿಂದ ಏನೂ ಪ್ರಯೋಜನ ಇಲ್ಲ. ಬೇಕಾಗಿರುವುದು ಸಿಡಿ, ಅಥವಾ ಅದರ ಪೂರ್ತಿ ಫೋಲ್ಡರ್ ಇರುವ ಪೆನ್‌ಡ್ರೈವ್. ಈಗಲೇ ಹೋಗಿ ಇಸಿದುಕೊಳ್ಳಿ. ಎಷ್ಟೋ ಸೆಂಟರುಗಳಲ್ಲಿ ಹಳೇದನ್ನು ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ, ಆಮೇಲೆ ಕೇಳಿದರೆ ಕೈ ಆಡಿಸಿಬಿಡುತ್ತಾರೆ. ಸಾಧ್ಯ ಆದರೆ ಮುಂದಿನ ಸಲವೂ ಅದೇ ಸೆಂಟರಿನಲ್ಲಿ ಮಾಡಿಸಿ. ರೇಟು ಸ್ವಲ್ಪ ಕಮ್ಮಿ ಅಂತ ಬೇರೆ ಕಡೆ ಹೋದರೆ ಹೋಲಿಸುವ ಕೆಲಸ ಕಷ್ಟವಾಗುತ್ತದೆ.

ಇನ್ನೊಂದು ಮಾತು. ಅಪ್ಪನಿಗೆ ಉಸಿರು ಹಿಡಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಎಷ್ಟೋ ಮೆಷಿನ್ನುಗಳಲ್ಲಿ "ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ" ಅನ್ನೋದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ರೆಕಾರ್ಡ್ ಆಗಿರುತ್ತದೆ. ಹಳ್ಳಿಯಿಂದ ಬಂದ ವಯಸ್ಸಾದವರಿಗೆ ಆ ಗದ್ದಲದಲ್ಲಿ ಏನು ಹೇಳುತ್ತಿದೆ ಅಂತಲೇ ಗೊತ್ತಾಗುವುದಿಲ್ಲ, ಉಸಿರು ಬಿಡುತ್ತಾರೆ, ಚಿತ್ರ ಮಸುಕಾಗುತ್ತದೆ. ಮೊದಲೇ ಹೇಳಿದರೆ ನಾವು ಮೈಕಿನಲ್ಲಿ ಕನ್ನಡದಲ್ಲೇ ಹೇಳುತ್ತೇವೆ. ಕೋಲಾರದಲ್ಲಿ ನಾನು ದಿನಾ ಕನ್ನಡ, ತೆಲುಗು ಎರಡರಲ್ಲೂ ಕೂಗುತ್ತೇನೆ.

ಕೆಲವು ಕಡೆ ಸ್ಕ್ಯಾನಿಗೆ ಮೊದಲು ಅನಾನಸ್ ಜ್ಯೂಸ್ ಕುಡಿಸುತ್ತಾರೆ. ತಮಾಷೆ ಅಲ್ಲ. ಅದರಲ್ಲಿ ಮ್ಯಾಂಗನೀಸ್ ಇರುತ್ತದೆ, ಹೊಟ್ಟೆ ಮತ್ತು ಕರುಳಿನಲ್ಲಿರುವ ನೀರು ಚಿತ್ರದಲ್ಲಿ ಹೊಳೆಯದಂತೆ ಮಾಡುತ್ತದೆ, ಹಿಂದೆ ಇರುವ ನಾಳ ಚೆನ್ನಾಗಿ ಕಾಣುತ್ತದೆ. ಶುಗರ್ ಇದ್ದರೆ ಮೊದಲೇ ತಿಳಿಸಿ.

---

ರೇಷ್ಮೆಗೂಡು

ತಮ್ಮಾ, ನಮ್ಮದು ಶಿಡ್ಲಘಟ್ಟ. ನಮ್ಮ ಅತ್ತೆಗೂ ಹೀಗೇ ಆಗಿತ್ತು. ಅವರು ಮೆಟ್ಟಿಲ ಮೇಲೆ ಜಾರಿ ಬಿದ್ದಾಗ ಪಕ್ಕೆಲುಬು ನೋಡಲು ಸಿಟಿ ಮಾಡಿದರು, ಪಕ್ಕೆಲುಬು ಸರಿ ಇತ್ತು, ಪ್ಯಾಂಕ್ರಿಯಾಸ್‌ನ ಬಾಲದ ಕಡೆ ಸಿಸ್ಟ್ ಸಿಕ್ಕಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಚಿಕ್ಕಬಳ್ಳಾಪುರದಲ್ಲಿ ನೋಡಿ ಬೆಂಗಳೂರಿಗೆ ಕಳಿಸಿದರು. ಕೆಲವು ವರ್ಷ ತಪ್ಪದೆ ಎಂಆರ್‌ಐ ಮಾಡಿಸಿದೆವು. ಪ್ರತಿ ಸಲವೂ ಹಾಗೇ ಇದೆ, ಹಾಗೇ ಇದೆ ಅಂತಲೇ ಬಂತು. ಆದರೆ ಡೇಟ್ ಹತ್ತಿರ ಬಂದ ಹಾಗೆ ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇರುತ್ತಿರಲಿಲ್ಲ. ಅತ್ತೆ ಊಟ ಬಿಡುತ್ತಿದ್ದರು, ಆಮೇಲೆ ಊಟ ಬಿಟ್ಟಿದ್ದಕ್ಕೆ ತೂಕ ಇಳಿದರೆ ಅದೂ ಕಾಯಿಲೆಯೇ ಅಂತ ಇನ್ನಷ್ಟು ಭಯ.

ಆಮೇಲೆ ಅವರಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದರು. ಅದಾದ ಮೇಲೆ ಗ್ಯಾಸ್ಟ್ರೋ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರು. "ನಾಳೆ ಸ್ಕ್ಯಾನಿನಲ್ಲಿ ಏನಾದರೂ ಕಂಡರೆ ಇವರಿಗೆ ದೊಡ್ಡ ಆಪರೇಷನ್ ಮಾಡಿಸುತ್ತೀರಾ?" ನಮ್ಮ ಯಜಮಾನರು ಬಾಯಿ ಬಿಡಲಿಲ್ಲ. ಅತ್ತೆಯೇ ಹೇಳಿದರು, ಈ ವಯಸ್ಸಿನಲ್ಲಿ ನನ್ನನ್ನು ಕೊಯ್ಯಬೇಡಿ ಅಂತ. ಹಾಗಾದರೆ ಸ್ಕ್ಯಾನ್ ಮಾಡಿ ಏನು ಮಾಡೋಣ ಅಂತ ಡಾಕ್ಟರು ಹೇಳಿದರು, ಅಲ್ಲಿಗೆ ನಿಲ್ಲಿಸಿದೆವು. ಬೆಂಗಳೂರಿನಲ್ಲಿರುವ ನಮ್ಮ ಮೈದುನ ಮಾತ್ರ ಅಮ್ಮನಿಗೆ ಖರ್ಚು ಮಾಡಲು ಹಿಂದೇಟು ಹಾಕುತ್ತಿದ್ದೀರಿ ಅಂತ ಜಗಳ ತೆಗೆದ. ದುಡ್ಡಿನ ಮಾತೇ ಅಲ್ಲ ಅದು. ಈಗ ಅತ್ತೆ ಆರಾಮಾಗಿದ್ದಾರೆ, ಗೂಡಿನ ರೇಟು ಎಷ್ಟು ಬಂತು ಅಂತ ನನಗಿಂತ ಮೊದಲು ವಿಚಾರಿಸುತ್ತಾರೆ.

ನಿಮ್ಮ ಅಪ್ಪನಿಗೆ 63 ಅಷ್ಟೇ, ಗಟ್ಟಿಮುಟ್ಟಾಗಿದ್ದಾರೆ. ನಮ್ಮ ಲೆಕ್ಕ ನಿಮಗೆ ಹೊಂದುವುದಿಲ್ಲ. ನೀವು ಮಾಡಿಸಲೇಬೇಕು ಅಂತ ನನ್ನ ಅನಿಸಿಕೆ. ಆದರೆ ಆ ಪ್ರಶ್ನೆಯನ್ನು ಈಗಲೇ ಮನೆಯಲ್ಲಿ ಮಾತಾಡಿಕೊಂಡಿರಿ.

---

ಊರ ಮದ್ದು

ಮಧುಗಿರಿ ಕಡೆ ಒಬ್ಬರು ಬೇರು ಕೊಡುತ್ತಾರೆ, ಎಂಥ ಸಿಸ್ಟ್ ಇದ್ದರೂ ಕರಗುತ್ತೆ. ನಮ್ಮ ಅತ್ತಿಗೆಗೆ ಗರ್ಭಕೋಶದ ಪಕ್ಕ ಇದ್ದ ಸಿಸ್ಟ್ ಎರಡೇ ತಿಂಗಳಲ್ಲಿ ಮಾಯ. ನಂಬರ್ ಬೇಕಾದರೆ ಹೇಳಿ.

---

ನಂದಿ ತಪ್ಪಲು

ಮೊದಲು ಮೇಲಿನವರಿಗೆ ಒಂದು ಮಾತು. ಅಂಡಾಶಯದ ಎಷ್ಟೋ ಸಿಸ್ಟ್‌ಗಳು ಏನೂ ಮಾಡದೆಯೂ ಒಂದೆರಡು ತಿಂಗಳಲ್ಲಿ ತಾವೇ ಹೋಗುತ್ತವೆ. ಬೇರು ತಿಂದರೂ ಹೋಗುತ್ತವೆ, ತಿನ್ನದಿದ್ದರೂ ಹೋಗುತ್ತವೆ. ಪ್ಯಾಂಕ್ರಿಯಾಸ್‌ನ ಈ ಸಿಸ್ಟ್ ಬೇರೆ ಜಾತಿ, ಇದನ್ನು ಕರಗಿಸುವ ಮಾತ್ರೆಯೂ ಇಲ್ಲ, ಬೇರೂ ಇಲ್ಲ. ಏನಿದೆ ಅಂತ ಗೊತ್ತಿಲ್ಲದ ಪುಡಿ ತಿಂದು ಲಿವರ್, ಕಿಡ್ನಿ ಕೆಡಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಕಿಡ್ನಿ ಕೆಟ್ಟರೆ ಮುಂದೆ ಎಂಆರ್‌ಐಗೆ ಕಾಂಟ್ರಾಸ್ಟ್ ಕೊಡುವುದಕ್ಕೂ ಯೋಚನೆ ಮಾಡಬೇಕಾಗುತ್ತದೆ. ಚಿಕ್ಕಪ್ಪನಿಗೆ ನಯವಾಗಿ ಹೇಳಿ ಬಸ್ ಹತ್ತದಂತೆ ನೋಡಿಕೊಳ್ಳಿ.

ಗುಬ್ಬಿಯವರೇ, ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಫಿಜಿಷಿಯನ್. ಚಿತ್ರ ನೋಡದೆ ಪಕ್ಕಾ ಹೇಳಲು ಆಗುವುದಿಲ್ಲ, ಆದರೆ ನೀವು ಬರೆದ ರಿಪೋರ್ಟ್ ನೋಡಿದರೆ ಗಾಬರಿ ಪಡುವಂಥದ್ದು ಇಲ್ಲ.

ಪ್ಯಾಂಕ್ರಿಯಾಸ್‌ನಲ್ಲಿ ಸಿಗುವ ಸಿಸ್ಟ್‌ಗಳೆಲ್ಲ ಒಂದೇ ಅಲ್ಲ. ಕುಡಿತದಿಂದಲೋ ಪಿತ್ತಕೋಶದ ಕಲ್ಲಿನಿಂದಲೋ ಪ್ಯಾಂಕ್ರಿಯಾಸ್ ಊದಿಕೊಂಡ ಮೇಲೆ ಉಳಿಯುವ ನೀರಿನ ಚೀಲ ಒಂದು ಥರ. ಅದಕ್ಕೆ ಹಿಂದೆ ಜೋರು ಹೊಟ್ಟೆನೋವು ಬಂದು ಆಸ್ಪತ್ರೆ ಸೇರಿದ ಇತಿಹಾಸ ಇರುತ್ತದೆ. ತೆಳು ನೀರು ತುಂಬಿದ ಸೀರಸ್ ಅನ್ನೋದು ಇನ್ನೊಂದು, ವಯಸ್ಸಾದ ಹೆಂಗಸರಲ್ಲಿ ಜಾಸ್ತಿ, ಅದು ಕ್ಯಾನ್ಸರ್ ಆಗುವುದು ಅತಿ ಅಪರೂಪ. ಲೋಳೆ ತುಂಬಿದವು ಬೇರೆ, ಅವುಗಳ ಮೇಲೆ ಕಣ್ಣಿಡಬೇಕು. ನಿಮ್ಮ ಅಪ್ಪನದು ಐಪಿಎಂಎನ್, ಅದೂ ಸೈಡ್ ಬ್ರಾಂಚ್. ಲೋಳೆ ಜಾತಿಯೇ, ಆದರೆ ಅದರಲ್ಲಿ ಸೌಮ್ಯವಾದದ್ದು. ಮುಖ್ಯ ನಾಳದಲ್ಲೇ ಬಂದಿದ್ದರೆ ನಾನು ಈ ಥರ ಬರೆಯುತ್ತಿರಲಿಲ್ಲ, ಅದರಲ್ಲಿ ಕ್ಯಾನ್ಸರ್ ಅಪಾಯ ಬಹಳ ಹೆಚ್ಚು.

ಡಾಕ್ಟರುಗಳು ಒಬ್ಬೊಬ್ಬರು ಒಂದೊಂದು ಯಾಕೆ ಹೇಳುತ್ತಾರೆ ಅಂದರೆ, ಮಾರ್ಗಸೂಚಿಗಳೇ ಬೇರೆ ಬೇರೆ ಇವೆ. ಜಪಾನಿನವರು ಮುಂದೆ ನಿಂತು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ 2006ರಿಂದ ಇದೆ, ಕೊನೆಯದಾಗಿ 2024ರಲ್ಲಿ ಕ್ಯೋಟೋ ಹೆಸರಿನಲ್ಲಿ ಬಂತು. ಅದರ ಪ್ರಕಾರ 20 ಮಿಮೀಗಿಂತ ಚಿಕ್ಕದಿದ್ದರೆ ಆರು ತಿಂಗಳಿಗೆ ಒಂದು ಸಲ ನೋಡಿ, ಬದಲಾವಣೆ ಇಲ್ಲದಿದ್ದರೆ ಆಮೇಲೆ 18 ತಿಂಗಳಿಗೊಮ್ಮೆ. ಅಮೆರಿಕದ ಒಂದು ಸಂಘದ 2015ರ ಮಾರ್ಗಸೂಚಿ ಒಂದು ವರ್ಷಕ್ಕೆ ಮೊದಲ ಎಂಆರ್‌ಐ, ಆಮೇಲೆ ಎರಡು ವರ್ಷಕ್ಕೊಮ್ಮೆ, ಐದು ವರ್ಷ ಹಾಗೇ ಇದ್ದರೆ ನಿಲ್ಲಿಸಿ ಅನ್ನುತ್ತದೆ. ಯುರೋಪಿನವರು 2018ರಲ್ಲಿ ಹೇಳಿದ್ದು, ಆಪರೇಷನ್ ತಡೆದುಕೊಳ್ಳುವ ಶಕ್ತಿ ಇರುವವರೆಗೂ ನೋಡುತ್ತಲೇ ಇರಿ ಅಂತ. ಅಂದರೆ ನಿಮಗೆ ಆರು ತಿಂಗಳು ಅಂದವರೂ ಸರಿ, ವರ್ಷ ಅಂದವರೂ ಸರಿ. ಬಿಟ್ಟುಬಿಡಿ ಅಂದವರ ಮಾತು ಮಾತ್ರ 63 ವರ್ಷದ, ತೋಟದಲ್ಲಿ ಕೆಲಸ ಮಾಡುವ ಮನುಷ್ಯನಿಗೆ ನಾನು ಒಪ್ಪುವುದಿಲ್ಲ. ಮೊದಲ ಸಲ ಆರು ತಿಂಗಳಿಗೆ ಮಾಡಿಸಿ. ಅದು ಹಾಗೇ ಇದೆ ಅಂತ ಬಂದರೆ ಮುಂದಿನ ಅಂತರ ತಾನಾಗೇ ಉದ್ದ ಆಗುತ್ತದೆ. ಇಬ್ಬರು ಡಾಕ್ಟರ ಹತ್ತಿರ ಓಡಾಡಬೇಡಿ, ಒಬ್ಬರನ್ನು ಹಿಡಿದುಕೊಳ್ಳಿ.

ಐದು ವರ್ಷಕ್ಕೆ ನಿಲ್ಲಿಸಬೇಕಾ ಅನ್ನೋದು ತಜ್ಞರಲ್ಲೇ ಇನ್ನೂ ಜಗಳದ ವಿಷಯ. ನಿಲ್ಲಿಸಬೇಡಿ ಅನ್ನುವವರ ವಾದ ಇಷ್ಟು: ಐಪಿಎಂಎನ್ ಇರುವವರಲ್ಲಿ ಕೆಲವರಿಗೆ ಆ ಸಿಸ್ಟ್ ಸುಮ್ನೆ ಇದ್ದರೂ ಪ್ಯಾಂಕ್ರಿಯಾಸ್‌ನ ಬೇರೆ ಜಾಗದಲ್ಲಿ ಕ್ಯಾನ್ಸರ್ ಬಂದಿರುವುದುಂಟು. ಅದಕ್ಕೇ ಎಂಆರ್‌ಐ ನೋಡುವಾಗ ಸಿಸ್ಟ್ ಒಂದನ್ನೇ ಅಳೆದು ಬಿಡಬಾರದು, ಇಡೀ ಗ್ರಂಥಿ ನೋಡಬೇಕು. ನಿಮ್ಮ ಅಪ್ಪನ ವಿಷಯದಲ್ಲಿ ಆ ತೀರ್ಮಾನ 68ಕ್ಕೆ ಬರುತ್ತದೆ. ಆಗ ಅವರ ಆರೋಗ್ಯ ಹೇಗಿದೆ ನೋಡಿಕೊಂಡು ಮಾತಾಡಿ. ಶಿಡ್ಲಘಟ್ಟದ ಮೇಡಂ ಹೇಳಿದ ಪ್ರಶ್ನೆಯೇ ಅಲ್ಲೂ ಮುಖ್ಯ.

ಈಗಲೇ ತೆಗೆಸಿಬಿಟ್ಟರೆ ಏನು ಅಂದಿರಿ. ಸಿಸ್ಟ್ ಇರುವುದು ತಲೆ ಭಾಗದಲ್ಲಿ. ಅಲ್ಲಿಂದ ಸಿಸ್ಟ್ ಒಂದನ್ನೇ ಚಿವುಟಿ ತೆಗೆಯುವುದಲ್ಲ. ವಿಪಲ್ ಅಂತ ಆಪರೇಷನ್, ಪ್ಯಾಂಕ್ರಿಯಾಸ್‌ನ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುಂಡು ಎಲ್ಲ ತೆಗೆದು ಮತ್ತೆ ಜೋಡಿಸಬೇಕು. ಇದನ್ನೇ ದಿನನಿತ್ಯ ಮಾಡುವ ದೊಡ್ಡ ಕೇಂದ್ರಗಳಲ್ಲೂ ನೂರರಲ್ಲಿ ಒಬ್ಬಿಬ್ಬರು ಉಳಿಯುವುದಿಲ್ಲ, ಸೋರಿಕೆ, ಸೋಂಕು ಅಂತ ತೊಂದರೆ ಆಗುವವರು ಮೂರರಲ್ಲಿ ಒಬ್ಬರಷ್ಟಾದರೂ ಇರುತ್ತಾರೆ. ಆಮೇಲೆ ಶುಗರ್ ಬರಬಹುದು, ಜೀರ್ಣ ಆಗಲು ಊಟದ ಜೊತೆ ಎಂಜೈಮ್ ಮಾತ್ರೆ ನುಂಗಬೇಕಾಗಬಹುದು. ಇಷ್ಟೆಲ್ಲ ಆದರೂ ಉಳಿದ ಪ್ಯಾಂಕ್ರಿಯಾಸ್‌ಗೆ ಸ್ಕ್ಯಾನ್ ತಪ್ಪುವುದಿಲ್ಲ. ಏನೂ ಕೆಟ್ಟ ಲಕ್ಷಣ ಇಲ್ಲದ 14 ಮಿಮೀ ಸಿಸ್ಟ್‌ಗೆ ಇದನ್ನು ಯಾವ ಒಳ್ಳೆಯ ಸರ್ಜನ್ನೂ ಮಾಡುವುದಿಲ್ಲ. ಮಾಡುತ್ತೇನೆ ಅಂದರೆ ಇನ್ನೊಬ್ಬರನ್ನು ಕೇಳಿ.

ಯಾವಾಗ ಯೋಚನೆ ಮಾಡಬೇಕು? ಸಿಸ್ಟ್ 30 ಮಿಮೀ ಮುಟ್ಟಿದರೆ, ವರ್ಷಕ್ಕೆ 2.5 ಮಿಮೀ ಅಥವಾ ಹೆಚ್ಚು ಬೆಳೆದರೆ, ಗೋಡೆ ದಪ್ಪ ಆದರೆ, ಮುಖ್ಯ ನಾಳ 5 ಮಿಮೀ ಅಥವಾ ಹೆಚ್ಚು ಹಿಗ್ಗಿದರೆ, ಪ್ಯಾಂಕ್ರಿಯಾಸ್ ಊದಿಕೊಂಡು ನೋವು ಬಂದರೆ, ಹೊಸದಾಗಿ ಶುಗರ್ ಬಂದರೆ ಅಥವಾ ಇದ್ದ ಶುಗರ್ ಇದ್ದಕ್ಕಿದ್ದಂತೆ ಏರಿದರೆ, ಆಗ ಎಂಡೋಸ್ಕೋಪಿ ಅಲ್ಟ್ರಾಸೌಂಡ್ (ಬಾಯಿಯಿಂದ ಕೊಳವೆ ಇಳಿಸಿ ಒಳಗಿನಿಂದ ಮಾಡುವ ಸ್ಕ್ಯಾನ್) ಮಾಡಿ ಹತ್ತಿರದಿಂದ ನೋಡುತ್ತಾರೆ, ಬೇಕಾದರೆ ಸೂಜಿಯಿಂದ ಒಳಗಿನ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ಕಣ್ಣು ಹಳದಿಯಾಗಿ ಕಾಮಾಲೆ ಬಂದರೆ, ಸಿಸ್ಟ್ ಒಳಗೆ 5 ಮಿಮೀ ಅಥವಾ ದೊಡ್ಡ ಗಟ್ಟಿ ಗಂಟು ಕಂಡರೆ, ಮುಖ್ಯ ನಾಳ 10 ಮಿಮೀ ಆದರೆ, ಆಗ ಸರ್ಜನ್ ಹತ್ತಿರವೇ ಹೋಗಬೇಕು. ಇವು ಯಾವುದೂ ನಿಮ್ಮ ರಿಪೋರ್ಟಿನಲ್ಲಿ ಇಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ, ಅಂದರೆ ಅಪ್ಪನ ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರಿಗೆ, ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇತ್ತಾ? ಇದ್ದರೆ ಲೆಕ್ಕ ಬದಲಾಗುತ್ತದೆ, ಡಾಕ್ಟರಿಗೆ ಹೇಳಿ. ಮತ್ತೆ ಬೀಡಿ. ಸಿಸ್ಟ್ ನಿಮ್ಮ ಕೈಯಲ್ಲಿ ಇಲ್ಲ, ಬೀಡಿ ಇದೆ. ಪ್ಯಾಂಕ್ರಿಯಾಸ್ ಕ್ಯಾನ್ಸರಿಗೆ ಧೂಮಪಾನ ದೊಡ್ಡ ಕಾರಣಗಳಲ್ಲಿ ಒಂದು. ಆರು ತಿಂಗಳಿಗೊಮ್ಮೆ ಸಾವಿರಾರು ರೂಪಾಯಿ ಸ್ಕ್ಯಾನಿಗೆ ಸುರಿದು, ಹೊರಗೆ ಬಂದು ಬೀಡಿ ಹಚ್ಚುವುದು ಯಾವ ನ್ಯಾಯ?

---

ತಿಪಟೂರು ಕೊಬ್ಬರಿ

ವೈದ್ಯಕೀಯ ಮಾತು ಮೇಲಿನವರು ಹೇಳಿದ್ದಾರೆ, ನಾನು ಇನ್ಷೂರೆನ್ಸ್ ಕಡೆಯಿಂದ ಹೇಳುತ್ತೇನೆ, ನನ್ನ ಕೆಲಸ ಅದೇ.

ಅಪ್ಪನಿಗೆ ಪಾಲಿಸಿ ಆಗಲೇ ಇದ್ದರೆ ಅದನ್ನು ಒಂದು ದಿನವೂ ಲ್ಯಾಪ್ಸ್ ಆಗಲು ಬಿಡಬೇಡಿ. ಹೊಸದಾಗಿ ಮಾಡಿಸುವುದಾದರೆ ಈ ಸಿಸ್ಟ್ ವಿಷಯ ಫಾರ್ಮಿನಲ್ಲಿ ಬರೆಯಲೇಬೇಕು. ಏಜೆಂಟ್ "ಬರೆಯೋದು ಬೇಡ ಬಿಡಿ ಸಾರ್" ಅಂದರೆ ಆ ಏಜೆಂಟನ್ನೇ ಬಿಡಿ. ಮುಚ್ಚಿಟ್ಟು ಮುಂದೆ ಕ್ಲೇಮ್ ಹಾಕಿದರೆ, ಹಳೇ ಸ್ಕ್ಯಾನ್ ರಿಪೋರ್ಟ್ ಅವರಿಗೆ ಸಿಕ್ಕರೆ ಮುಗಿಯಿತು. ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಹಾಕಲು ಕಾಯುವ ಅವಧಿ 2024ರಿಂದ ಹೆಚ್ಚೆಂದರೆ ಮೂರು ವರ್ಷ, ಮೊದಲು ನಾಲ್ಕು ಇತ್ತು. ಪ್ರೀಮಿಯಂ ಜಾಸ್ತಿ ಕೇಳಬಹುದು, ಕೆಲವರು ಕೊಡುವುದೇ ಇಲ್ಲ ಅನ್ನಬಹುದು, ಆದರೂ ಬರೆಯಿರಿ.

ಬರೀ ನೋಡಿಕೊಳ್ಳಲು ಮಾಡಿಸುವ ಎಂಆರ್‌ಐಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಅಡ್ಮಿಟ್ ಆಗಬೇಕು ಅನ್ನುತ್ತಾರೆ. ಸ್ಕ್ಯಾನಿಗೋಸ್ಕರ ಸುಮ್ನೆ ಅಡ್ಮಿಟ್ ಮಾಡಿಸಿ ಕ್ಲೇಮ್ ಹಾಕುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ, ರಿಜೆಕ್ಟ್ ಆಗುತ್ತದೆ. ಅಡಿಕೆ ಕೊಯ್ಲಿನ ದುಡ್ಡಿನಲ್ಲಿ ಇದಕ್ಕೆ ಅಂತ ಸ್ವಲ್ಪ ಎತ್ತಿಡಿ.

---

ಗುಬ್ಬಿಯ ಹೈದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ನಂದಿ ತಪ್ಪಲು ಸರ್ ಬರೆದಿದ್ದನ್ನು ಪೂರ್ತಿ ಓದಿ ಹೇಳಿದೆ. ವಿಪಲ್ ಆಪರೇಷನ್ ವಿವರ ಕೇಳಿದ ಮೇಲೆ ಈಗಲೇ ತೆಗೆಸಿಬಿಡೋಣ ಅನ್ನೋದನ್ನು ಅವರೇ ನಿಲ್ಲಿಸಿದರು. ನಮ್ಮ ವಂಶದಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಯಾರಿಗೂ ಇಲ್ಲ. ಬೀಡಿ ಬಗ್ಗೆ ಅಪ್ಪನಿಗೆ ನಾನು ಹೇಳಿದರೆ ಆಗುವುದಿಲ್ಲ, ಮೊಮ್ಮಗಳಿಗೆ ಆ ಕೆಲಸ ವಹಿಸಿದ್ದೇವೆ.

ಇನ್ನೆರಡು ವಿಷಯ. ಒಂದು, ತುಮಕೂರಿನ ಒಂದು ಲ್ಯಾಬಿನವರು ಸಿಎ 19-9 ಅಂತ ರಕ್ತ ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಇದೆಯಾ ಇಲ್ಲವಾ ಅಂತ ಗೊತ್ತಾಗಿಬಿಡುತ್ತೆ, ಸ್ಕ್ಯಾನೇ ಬೇಡ ಅಂದರು. ಮಾಡಿಸಬಹುದಾ?

ಎರಡು, ಶುಗರ್ ಏರಿದರೆ ಅಂತ ಬರೆದಿದ್ದೀರಲ್ಲ. ಅಪ್ಪನಿಗೆ ಕೆಲವು ವರ್ಷದಿಂದ ಶುಗರ್ ಇದೆ, ಒಂದೇ ಮಾತ್ರೆಯಲ್ಲಿ ಚೆನ್ನಾಗಿತ್ತು. ಈ ಸಲ ಗುಬ್ಬಿಯಲ್ಲಿ ಚೆಕ್ ಮಾಡಿಸಿದಾಗ ಊಟಕ್ಕೆ ಮುಂಚೆಯೇ 210 ಬಂತು, ಹಿಂದೆ 130 ದಾಟುತ್ತಿರಲಿಲ್ಲ. ಮನೆಯಲ್ಲಿ ನಾಮಕರಣ ಇತ್ತು, ಹೋಳಿಗೆ ತಿಂದಿದ್ದಾರೆ, ಅದಕ್ಕೇ ಅಂತ ಅಂದುಕೊಂಡು ಇನ್ನೊಂದು ಮಾತ್ರೆ ಸೇರಿಸಿಕೊಂಡು ಬಂದೆವು. ಇದನ್ನು ಗ್ಯಾಸ್ಟ್ರೋ ಡಾಕ್ಟರಿಗೆ ಹೇಳಬೇಕಾ?

---

ನಂದಿ ತಪ್ಪಲು

ಹೇಳಬೇಕು, ಆರು ತಿಂಗಳು ಕಾಯದೆ ಈಗಲೇ ಹೇಳಬೇಕು.

ಹೋಳಿಗೆಯಿಂದಲೇ ಇರಬಹುದು. ಮಾತ್ರೆ ತಪ್ಪಿಸಿರಬಹುದು. ಕಲ್ಲಿನ ನೋವು, ಮೂತ್ರದ ಸೋಂಕಿನಲ್ಲೂ ಶುಗರ್ ಏರುತ್ತದೆ. ನೋವಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಯಾರಾದರೂ ಕೊಟ್ಟಿದ್ದರೆ ಅದರಿಂದಲೂ ಏರುತ್ತದೆ. ಹೆಚ್ಚಿನ ಸಲ ಇಂಥ ಸಾಮಾನ್ಯ ಕಾರಣವೇ ಸಿಗುತ್ತದೆ. ಆದರೆ ಕಾರಣ ಇದೇ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಎಚ್‌ಬಿಎ1ಸಿ ಮಾಡಿಸಿ, ಅದು ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಒಂದು ದಿನದ ಹೋಳಿಗೆಗೆ ಅದು ಅಲುಗಾಡುವುದಿಲ್ಲ. ಹಿಂದಿನ ವರ್ಷದ ಎಚ್‌ಬಿಎ1ಸಿ ಇದ್ದರೆ ಅದನ್ನೂ ಹುಡುಕಿ ತಗೊಂಡು ಹೋಗಿ. ತೂಕ ನೋಡಿ. ಪಂಚೆಯನ್ನು ಮೊದಲಿಗಿಂತ ಬಿಗಿ ಮಾಡಿ ಕಟ್ಟುತ್ತಿದ್ದಾರಾ, ಊಟ ಸೇರುತ್ತಿದೆಯಾ, ಬೆನ್ನಿಗೆ ಹೊಡೆಯುವ ನೋವು ಇದೆಯಾ ಅಂತ ಅಮ್ಮನನ್ನು ಕೇಳಿ, ಅಪ್ಪನನ್ನಲ್ಲ. ಶುಗರ್ ಏಕಾಏಕಿ ಏರಿ, ಜೊತೆಗೆ ತೂಕವೂ ಇಳಿದಿದ್ದರೆ ಡಾಕ್ಟರು ಮುಂದಿನ ಸ್ಕ್ಯಾನ್ ಬೇಗ ಮಾಡಿಸಬಹುದು ಅಥವಾ ಎಂಡೋಸ್ಕೋಪಿ ಅಲ್ಟ್ರಾಸೌಂಡ್ ಹೇಳಬಹುದು. ಮೊನ್ನೆಯ ಎಂಆರ್‌ಐ ಚೆನ್ನಾಗಿದೆ ಅನ್ನೋದು ಧೈರ್ಯದ ವಿಷಯ, ಆದರೆ ಅದನ್ನು ಓದಿದವರಿಗೆ ಶುಗರ್ ವಿಷಯ ಗೊತ್ತಿರಲಿಲ್ಲ ಅಲ್ವಾ. ಗೊತ್ತಿದ್ದರೆ ಇನ್ನೊಂದು ಸಲ ಇಡೀ ಗ್ರಂಥಿ ನೋಡುತ್ತಾರೆ.

ಸಿಎ 19-9 ವಿಷಯ. ಲ್ಯಾಬಿನವರು ಹೇಳಿದ್ದು ತಪ್ಪು. ಇದು ರಕ್ತದಲ್ಲಿ ಸಿಗುವ ಒಂದು ಪದಾರ್ಥ, 37ರ ಒಳಗೆ ಇದ್ದರೆ ನಾರ್ಮಲ್ ಅನ್ನುತ್ತಾರೆ. ಪಿತ್ತನಾಳ ಕಟ್ಟಿಕೊಂಡರೆ, ಪ್ಯಾಂಕ್ರಿಯಾಸ್ ಊದಿಕೊಂಡರೆ, ಕೆಲವರಿಗೆ ಶುಗರ್ ಜಾಸ್ತಿ ಇದ್ದರೂ ಇದು ಏರುತ್ತದೆ, ಕ್ಯಾನ್ಸರ್ ಇರಬೇಕಾಗಿಲ್ಲ. ಇನ್ನೊಂದು ಕಡೆ, ನೂರರಲ್ಲಿ ಐದರಿಂದ ಹತ್ತು ಜನರ ದೇಹದಲ್ಲಿ ಹುಟ್ಟಿನಿಂದಲೇ ಇದು ತಯಾರಾಗುವುದಿಲ್ಲ, ಅವರಿಗೆ ಕ್ಯಾನ್ಸರ್ ಇದ್ದರೂ ನಾರ್ಮಲ್ ಅಂತ ಬರುತ್ತದೆ. ಸ್ಕ್ಯಾನ್ ಜೊತೆಗೆ ಇನ್ನೊಂದು ಸುಳಿವಾಗಿ ಡಾಕ್ಟರು ಹೇಳಿದರೆ ಮಾಡಿಸಿ. ಸ್ಕ್ಯಾನ್ ಬದಲಿಗೆ ಅಂತ ಬೇಡ.

ಖರ್ಚು ಭಾರ ಆಗುತ್ತಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ತಗೊಂಡು ಹೋಗಿ. ಬೆಳಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಬೇಕು, ಕಾಯಬೇಕು, ಆದರೆ ಇದನ್ನೇ ನೋಡುವ ಡಾಕ್ಟರುಗಳು ಒಂದೇ ಕಡೆ ಸಿಗುತ್ತಾರೆ.

---

ರೇಷ್ಮೆಗೂಡು

ಪಂಚೆ ಬಿಗಿ ಮಾಡಿ ಕಟ್ಟೋದು, ಸರಿಯಾಗಿ ಹೇಳಿದಿರಿ ಡಾಕ್ಟ್ರೇ. ಗಂಡಸರು ತೂಕ ಇಳಿದಿದ್ದನ್ನು ಯಾವತ್ತೂ ಹೇಳಲ್ಲ, ಹೆಂಗಸರೇ ನೋಡಿ ಹೇಳಬೇಕು.

---

ಗುಬ್ಬಿಯ ಹೈದ

ಅಮ್ಮನನ್ನು ಕೇಳಿದೆ. ಊಟ ಚೆನ್ನಾಗಿ ಮಾಡುತ್ತಾರಂತೆ, ಬೆನ್ನು ನೋವು ಇಲ್ಲ. ಆದರೆ ಶರಟು ಸ್ವಲ್ಪ ಸಡಿಲ ಆಗಿದೆ ಅಂತ ಯುಗಾದಿಯಲ್ಲೇ ಅನ್ನಿಸಿತ್ತಂತೆ. ಸೊಸೈಟಿಯಲ್ಲಿ ತೂಕ ಹಾಕಿಸಿದೆವು, ಹಿಂದಿನ ತೂಕ ಎಲ್ಲೂ ಬರೆದಿಟ್ಟಿಲ್ಲ. ಸೋಮವಾರ ಬೆಂಗಳೂರಿನ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ, ಇನ್ನು ಅವರೊಬ್ಬರೇ. ಎಚ್‌ಬಿಎ1ಸಿಗೆ ನಾಳೆ ರಕ್ತ ಕೊಡುತ್ತೇವೆ. ಚಿಕ್ಕಪ್ಪ ಬಸ್ ಹತ್ತಿಲ್ಲ.

ಅಂತರಗಂಗೆ ಬ್ರದರ್, ಸೆಂಟರಿನವರು ಸಿಡಿ ಕೊಟ್ಟಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ, ಏನು ಮಾಡಲಿ?

---

ಅಂತರಗಂಗೆ

ಊರಿನಲ್ಲಿ ಫೋಟೋ ಸ್ಟುಡಿಯೋ ಇದ್ದರೆ ಹೋಗಿ, ಮದುವೆ ವಿಡಿಯೋ ಮಾಡುವವರ ಹತ್ತಿರ ಇನ್ನೂ ಸಿಡಿ ಡ್ರೈವ್ ಇರುತ್ತದೆ. ಪೂರ್ತಿ ಫೋಲ್ಡರ್ ಹಾಗೇ ಪೆನ್‌ಡ್ರೈವಿಗೆ ಕಾಪಿ ಮಾಡಿಸಿ. ಚಿತ್ರಗಳನ್ನು ಒಂದೊಂದೇ ತೆರೆದು ಸೇವ್ ಮಾಡಲು ಹೋಗಬೇಡಿ, ಫೈಲ್ ಹೆಸರು ವಿಚಿತ್ರವಾಗಿದ್ದರೂ ಬದಲಾಯಿಸಬೇಡಿ. ಮೂಲ ಸಿಡಿ ಮೇಲೆ ತಾರೀಖು ಬರೆದು ಮನೆಯಲ್ಲಿ ಇಟ್ಟುಕೊಳ್ಳಿ, ಸೋಮವಾರ ಪೆನ್‌ಡ್ರೈವ್ ತಗೊಂಡು ಹೋಗಿ. ಕಲ್ಲಿಗೆ ಮಾಡಿದ ಸಿಟಿಯೂ ಅದೇ ಪೆನ್‌ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿ ಹಾಕಿ. ಅಳತೆಗೆ ಬರದಿದ್ದರೂ ಡಾಕ್ಟರು ಕೇಳಿದರೆ ಕೈಯಲ್ಲಿ ಇರಲಿ.